ಎಡದ ಬೂಟು ಬಲಕ್ಕೆ

"ಒಂದು ಗುಟುಕ ನೀರು ಕುಡೀರಿ. ಆಮ್ಯಾಲೆ ಖರೇ ಹೇಳ್ರಿ."

ದನಿ ಶೈಲಶ್ರೀಯದು. ಆದರೆ ಶೈಲಶ್ರೀ ಬಾಯಿ ತೆರೆದಿರಲೇ ಇಲ್ಲ.

ವರದಾ ಹೊಳೆಯ ನಟ್ಟನಡುವೆ, ಸರ್ಕಾರಿ ದೋಣಿಯ ಹಲಗೆಯನ್ನು ಎರಡೂ ಕೈಯಿಂದ ತಬ್ಬಿ, ಕಣ್ಣು ಮುಚ್ಚಿಕೊಂಡು ಕುಳಿತಿದ್ದ ಕಾನ್‌ಸ್ಟೇಬಲ್ ಸಾಗರ ಆ ಮಾತು ಆಡಿದ್ದ. ಸಬ್ ಇನ್‌ಸ್ಪೆಕ್ಟರ್ ಶೈಲಶ್ರೀಯ ಒಡಕು ದನಿ, ಹಿರೇಕೆರೂರಿನ ಎಳೆತ, ಮಾತಿನ ಕೊನೆಗೆ ಕತ್ತರಿ ಹಾಕಿದಂತೆ ನಿಲ್ಲಿಸುವ ರೀತಿ, ಯಾವುದೂ ತಪ್ಪಿರಲಿಲ್ಲ.

ಹಿಂದೆ ಇಂಜಿನ್ ಹಿಡಿದು ಕುಳಿತಿದ್ದ ಅಕ್ಬರಸಾಬ ಬೆಚ್ಚಿಬಿದ್ದು, ಆಮೇಲೆ ಗಡ್ಡ ನೀವಿಕೊಂಡು ನಕ್ಕ. "ಅಲ್ಲಾ! ಮೇಡಮ್ಮಾರು ನನಗ ಕೇಳಿದ್ರು ಅಂತ ತಿಳ್ಕೊಂಡು ಖರೇ ಹೇಳಾಕ ತಯಾರಾಗಿದ್ನೆಲ್ಲೋ!"

"ಅಂಜಿಕಿ ಬಂದಾಗ ನಾ ಮೇಡಮ್ಮಾರ ದನಿ ತಗೀತೇನಿ ಚಾಚಾ. ಅಂಜಿಕೀನ ಅಂಜಿ ಓಡಿ ಹೊಕ್ಕೈತಿ."

"ಹೆಸರು ಸಾಗರ, ಹೊಳಿ ಕಂಡ್ರ ಈ ಪರಿ ಅಂಜಿಕಿ?"

"ಹೆಸರಿಡೂದು ನಮ್ಮವ್ವನ ಕೆಲಸ ಇತ್ತು. ಈಜ ಕಲಸೂದು ನಮ್ಮಪ್ಪನ ಕೆಲಸ. ಅವ್ವ ತನ್ನ ಕೆಲಸ ಮಾಡಿದ್ಲು."

ಬೇರೆ ದಿನವಾಗಿದ್ದರೆ ಶೈಲಶ್ರೀಯೂ ನಗುತ್ತಿದ್ದಳು. ಇವತ್ತು ಅವಳ ಕಣ್ಣು ಮೊಬೈಲಿನ ಒಂದು ಫೋಟೋದ ಮೇಲಿತ್ತು. ಇದೇ ದೋಣಿಯ ಮುಂದಿನ ತುದಿಯಲ್ಲಿ ಪಕ್ಕಪಕ್ಕದಲ್ಲಿಟ್ಟ ಒಂದು ಜೊತೆ ಕಂದು ಬೂಟು. ದೋಣಿಗಳ ಮೇಲ್ವಿಚಾರಕ ರಾಜಕುಮಾರನದು. ಮಂಗಳವಾರ ಮುಂಜಾನೆ ಬೂಟು ಸಿಕ್ಕಿದ್ದವು, ಮಧ್ಯಾಹ್ನ ಕೆಳಗಿನ ಜೊಂಡಿನಲ್ಲಿ ಅವನ ಹೆಣ ಸಿಕ್ಕಿತ್ತು.

ಆ ಬೂಟುಗಳೇ ಈಗ ಅಂಬಿಗ ಶಿದ್ಲಿಂಗಪ್ಪನ ಕೊರಳಿಗೆ ಬಿದ್ದಿದ್ದವು.

ಸೋಮವಾರ ಸಂಜೆ ತಾನು ರಾಜಕುಮಾರನನ್ನು ಹಾನಗಲ್ ಕಡೆಯ ದಡಕ್ಕೆ ಬಿಟ್ಟುಬಂದೆ, ಅವನು ಬಸ್ಸಿಗೆ ಹೋಗುತ್ತೇನೆಂದ ಎಂದು ಶಿದ್ಲಿಂಗಪ್ಪ ಹೇಳಿದ್ದ. ಹಾಗಿದ್ದರೆ ನಡುಗಡ್ಡೆಯ ದಡದಲ್ಲಿ ಕಟ್ಟಿದ್ದ ದೋಣಿಗೆ ಅವನ ಬೂಟು ಎಲ್ಲಿಂದ ಬಂದವು? ಆ ಪ್ರಶ್ನೆಗೆ ಶಿದ್ಲಿಂಗಪ್ಪನ ಉತ್ತರ ಒಂದೇ: "ನಿಮಗ ಎಲ್ಲಾ ಗೊತ್ತೈತ್ರಿ ಮೇಡಮ್ಮಾರ." ಎಷ್ಟು ಸಲ ಕೇಳಿದರೂ ಅದೇ. ಹೀಗೆ ಹೇಳಿ ತಲೆ ತಗ್ಗಿಸಿಬಿಡುತ್ತಿದ್ದ.

ಈ ಸೊಕ್ಕಿನ ಮಾತಿಗೇ ನಿನ್ನೆ ಅವನನ್ನು ಒಳಗೆ ಹಾಕಿಸಿದ್ದರು ಮೇಲಿನವರು. ಇವತ್ತು ಸಂಜೆಯೊಳಗೆ ಹಾನಗಲ್ಲಿನಲ್ಲಿ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಆಮೇಲೆ ಅವನನ್ನು ಬಿಡಿಸುವುದು ಶೈಲಶ್ರೀಯ ಕೈಯಲ್ಲಿರುವುದಿಲ್ಲ.

ಕೊಲೆಗಾರನ ಮುಖ ಅವನದಲ್ಲ ಎಂದು ಅವಳಿಗೆ ಅನಿಸಿತ್ತು. ಆದರೆ ಮುಖವನ್ನು ಸಾಕ್ಷಿ ಅಂತ ಯಾವ ಕೋರ್ಟೂ ಬರೆದುಕೊಳ್ಳುವುದಿಲ್ಲ.

ದೋಣಿ ಎಲಿಗಡ್ಡೆಯ ಮಣ್ಣಿಗೆ ಮೂತಿ ಊರಿತು.

ಹೊಳೆಯ ನಡುವಿನ ಆ ಪುಟ್ಟ ಊರಿಗೆ ಇರುವುದು ಇದೊಂದೇ ದೋಣಿ. ಎರಡು ದಿನದಿಂದ ಪೊಲೀಸರ ಹೊರತು ಯಾರಿಗೂ ಹತ್ತಲು ಬಿಟ್ಟಿರಲಿಲ್ಲ. ದಡದ ಮೇಲೆ ಸವಣೂರು ಪೇಟೆಗೆ ಹೋಗಬೇಕಿದ್ದ ವೀಳ್ಯದೆಲೆಯ ಬುಟ್ಟಿಗಳು ಸಾಲಾಗಿ ಕುಳಿತಿದ್ದವು. ಒಬ್ಬ ಮುದುಕಿ ಅವುಗಳ ಮೇಲೆ ಚರಿಗೆಯಿಂದ ನೀರು ಚಿಮುಕಿಸುತ್ತಿದ್ದಳು. ಎಲೆಗಳ ಅಂಚು ಆಗಲೇ ಹಳದಿಗೆ ತಿರುಗಿತ್ತು.

"ಉಡಚವ್ವ ಅಂದ್ರ ನೀವ ಏನ್ರಿ?" ಶೈಲಶ್ರೀ ಬರಿಗಾಲಲ್ಲಿ ಕೆಸರಿಗಿಳಿಯುತ್ತ ಕೇಳಿದಳು. ಈ ದೋಣಿಯಲ್ಲಿ ಯಾರೂ ಚಪ್ಪಲಿ ಮೆಟ್ಟಿ ಕೂರುವುದಿಲ್ಲ. ಹತ್ತುವಾಗಲೇ ಬಿಚ್ಚಿ ಮುಂದಿನ ತುದಿಯಲ್ಲಿಡಬೇಕು. ಅವಳ ಬೂಟೂ ಅಲ್ಲೇ ಇದ್ದವು.

"ನಾನ ಯವ್ವಾ. ಬೋಟು ಯಾವಾಗ ಬಿಡ್ತೀರಿ ಹೇಳು ಮದಲ. ಈ ಎಲಿ ನಾಳೆ ಯಾರ ಬಾಯಿಗೂ ಆಗಂಗಿಲ್ಲ, ಮ್ಯಾಕಿ ಬಾಯಿಗಿ ಅಷ್ಟ."

"ಬಿಡ್ತೀವ್ರಿ. ಸೋಮವಾರ ಸಂಜಿ ರಾಜಕುಮಾರನ್ನ ಇಲ್ಲಿ ನೋಡಿದ್ರೇನು?"

"ನೋಡಿದ್ನೆಲ್ಲ. ಈ ಬೋಟು ಒಯ್ದು ಬ್ಯಾರೆ ಕಡೆ ಹಾಕ್ತೇವಿ ಅಂತ ಹೇಳಾಕ ಬಂದಿದ್ದ. ಊರಾಗಿನ ಮಂದೆಲ್ಲಾ ಬೈದ್ರು. ನಾನೂ ಬೈದೆ. ಶಿದ್ಲಿಂಗಪ್ಪ ಒಬ್ಬನ ಬೈಲಿಲ್ಲ. 'ಬರ್ರಿ ಸಾಹೇಬ್ರ, ಕತ್ತಲಾಕ್ಕೈತಿ' ಅಂತ ಕುಂದ್ರಿಸಿಕೊಂಡು ಆಚಿ ದಂಡಿಗೆ ಹೋದ."

"ತಿರುಗಿ ಬಂದಾಗ?"

"ಒಬ್ಬನ ಬಂದ. ನಾನ ಹಗ್ಗ ಹಿಡದೆ."

"ದೋಣಿಯಾಗ ಬೂಟು ಇದ್ವೇನು?"

"ಇದ್ದಿದ್ರ ಕಾಣ್ತಿದ್ದಿಲ್ಲನು? ಕಣ್ಣು ಮುದುಕ್ಯಾಗ್ಯಾವ, ಸತ್ತಿಲ್ಲ."

ಶೈಲಶ್ರೀಗೆ ಅಷ್ಟು ಸಾಲದು. ಊರವಳು ಊರ ಅಂಬಿಗನ ಪರವಾಗಿ ಹೇಳುತ್ತಾಳೆ ಎಂದು ಸರ್ಕಾರಿ ವಕೀಲರು ಒಂದು ಉಸಿರಿನಲ್ಲಿ ಊದಿಬಿಡುತ್ತಾರೆ.

ಹಿಂದಿನಿಂದ ಪಚಪಚ ಸದ್ದಾಯಿತು. ಭೂಮಿ ಸಿಕ್ಕ ಸಂತೋಷದಲ್ಲಿ ಸಾಗರ ಮೇಡಮ್ಮನ ಬೂಟುಗಳನ್ನು ಎತ್ತಿಕೊಂಡು ಬಂದಿದ್ದ. ಎಡವುತ್ತ ಬಂದವನೇ ಅವುಗಳನ್ನು ದಡದ ಚಪ್ಪಡಿಯ ಮೇಲೆ ಇಟ್ಟ.

"ಏ ಮೂಳಾ!"

ಉಡಚವ್ವನ ಕೈಯಿಂದ ಚರಿಗೆ ಬಿತ್ತು. ಸಾಗರ ಅಲ್ಲೇ ಕಲ್ಲಾದ.

"ತಗಿ! ತಗದು ಸರಿ ಇಡೋ! ಜೀವಂತ ಇರಾಕಿ ಕಾಲ್ಮರಿ ಹಂಗ ಇಡ್ತಾರೇನೋ?"

ಅವನು ಕೈ ಚಾಚುವ ಮೊದಲೇ ಮುದುಕಿಯೇ ಬಗ್ಗಿ, ಎರಡೂ ಬೂಟುಗಳ ಜಾಗ ಬದಲಿಸಿದಳು. ಆಮೇಲೆ ಶೈಲಶ್ರೀಯ ಮುಖಕ್ಕೆ ಕೈ ನಿವಾಳಿಸಿ ತನ್ನ ಕಣತಲೆಗೆ ಒತ್ತಿ ಲಟಲಟ ಬೆರಳು ಮುರಿದಳು. 

"ಏನಾತ್ರಿ ಅಮ್ಮಾ?" ಶೈಲಶ್ರೀ ಮೆಲ್ಲಗೆ ಕೇಳಿದಳು.

"ಎಡದ್ದು ಬಲಕ್ಕ, ಬಲದ್ದು ಎಡಕ್ಕ ಇಟ್ಟಾನ ಯವ್ವಾ. ನಮ್ಮೂರಾಗ ಹಂಗ ಇಡೂದು ಸತ್ತವ್ರವು."

"ಯಾಕ?"

"ಈ ಗಡ್ಡಿ ಮ್ಯಾಲ ಹೆಣ ಇಡೂ ಜಾಗಾ ಇಲ್ಲ. ನೀರು ಏರಿದ್ರ ಎಲ್ಲಾ ಮುಳುಗ್ತೈತಿ. ಅದಕ್ಕ ಹೋದವ್ರನ್ನ ಬೋಟಿನಾಗ ಆಚಿ ದಂಡಿಗೆ ಒಯ್ತೇವಿ. ಅವ್ರ ಕಾಲ್ಮರೀನೂ ಸಂಗಾಟ ಹೊಕ್ಕಾವ. ಅದಲಿ ಬದಲಿ ಮಾಡಿ ಇಡ್ತೇವಿ, ಹೋದ ಜೀವಾ ಮನಿ ನೆನಸಿ ತಿರುಗಿ ಬಂದ್ರ ಮೆಟ್ಟಾಕ ಆಗಬಾರದು. ಹೊಳಿ ದಾಟಿದ ಮ್ಯಾಲ ಹಿಂದಕ್ಕ ಬರಬಾರದವ್ವಾ. ಅವ್ರಿಗೂ ತ್ರಾಸು, ನಮಗೂ ತ್ರಾಸು."

ಅಕ್ಬರಸಾಬ ಇಂಜಿನಿನ ಪಕ್ಕದಿಂದಲೇ ತಲೆ ಅಲ್ಲಾಡಿಸಿದ. "ನನಗಿದು ಗೊತ್ತಿದ್ದಿಲ್ರಿ. ನಾ ಸವಣೂರಾಂವ, ಶಿದ್ಲಿಂಗಪ್ಪನ ಬದಲಿ ನಿನ್ನೆ ಬಂದೇನಿ."

ಶೈಲಶ್ರೀ ಮೊಬೈಲ್ ತೆಗೆದಳು.

ಎರಡು ದಿನದಿಂದ ಆ ಫೋಟೋ ಅವಳನ್ನು ಕಾಡುತ್ತಿತ್ತು. ಏನೋ ವಕ್ರವಾಗಿದೆ, ಏನೆಂದು ಹೇಳಲು ಬರುತ್ತಿಲ್ಲ, ಗೋಡೆಯ ಮೇಲೆ ತುಸು ವಾಲಿದ ಪಟದ ಹಾಗೆ. ಈಗ ಬೆರಳಿನಿಂದ ಹಿಗ್ಗಿಸಿ ನೋಡಿದಳು. ಎರಡು ಬೂಟುಗಳ ಒಳಬಾಗು ಒಂದನ್ನೊಂದು ನೋಡುತ್ತಿರಲಿಲ್ಲ. ಎರಡೂ ಹೊರಗೆ ಮುಖ ಮಾಡಿದ್ದವು, ಮುನಿಸಿಕೊಂಡ ಅಣ್ಣತಮ್ಮಂದಿರ ಹಾಗೆ.

ಎಡದ ಬೂಟು ಬಲಕ್ಕೆ. ಬಲದ ಬೂಟು ಎಡಕ್ಕೆ.

"ಸಾಗರ, ಈ ಫೋಟೋ ನೀ ತಗದದ್ದು ಮಂಗಳವಾರ ಮುಂಜಾನೆ ಹೌದಲ್ಲೋ? ರಾಜಕುಮಾರನ ಹೆಂಡ್ತಿ ಬಂದು, ಗಂಡ ಮನಿಗಿ ಬಂದಿಲ್ಲ ಅಂತ ಅಂದ ಮ್ಯಾಲ?"

"ಹೌದ್ರಿ."

"ಆಗ ಹೆಣ ಸಿಕ್ಕಿದ್ದಿಲ್ಲ. ಅಂವ ಸತ್ತಾನಂತ ಯಾರಿಗೂ ಗೊತ್ತಿದ್ದಿಲ್ಲ."

ಸಾಗರ ಫೋಟೋದಿಂದ ಕಣ್ಣು ತೆಗೆದು ಹೊಳೆಯ ಕಡೆ ನೋಡಿದ.

"ಆದ್ರ ಈ ಬೂಟು ಇಟ್ಟಾವರಿಗೆ ಗೊತ್ತಿತ್ತು," ಅಂದಳು ಶೈಲಶ್ರೀ. "ಗೊತ್ತಿದ್ದಷ್ಟ ಅಲ್ಲ, ಅಂವ ತಿರುಗಿ ಬರಬಾರದಂತ ಬೇಡಿಕೊಂಡು ಇಟ್ಟಾರ."

ಉಡಚವ್ವ ಫೋಟೋ ನೋಡಿ ಬಾಯಿಗೆ ಸೆರಗು ಹಿಡಿದಳು.

ಹೊಳೆಯ ಮೇಲೆ ಗಾಳಿ ಸುಳಿದು, ಎಲೆಯ ಬುಟ್ಟಿಗಳ ಮೇಲಿನ ಒದ್ದೆ ಚೀಲ ಪಟಪಟ ಬಡಿಯಿತು. ಶೈಲಶ್ರೀ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇದು ಎಲಿಗಡ್ಡೆಯವರಿಗಷ್ಟೇ ಗೊತ್ತಿರುವ ಪದ್ಧತಿ. ಶಿದ್ಲಿಂಗಪ್ಪ ಎಲಿಗಡ್ಡೆಯವನಲ್ಲ. ಶಿಗ್ಗಾವಿ ಕಡೆಯ ಹಿರೇಬೆಂಡಿಗೇರಿಯವನು, ಸರ್ಕಾರ ತಂದು ಹಾಕಿದ ಅಂಬಿಗ. ಅವನು ಬೂಟು ಇಟ್ಟಿದ್ದರೆ ಎಲ್ಲರ ಹಾಗೆ ನೆಟ್ಟಗೆ ಇಡುತ್ತಿದ್ದ.

"ಶಿದ್ಲಿಂಗಪ್ಪ ಹೊರಗಿನಾಂವ ಅಲ್ರಿ, ಅಮ್ಮಾ?" ಖಚಿತ ಮಾಡಿಕೊಳ್ಳಲು ಕೇಳಿದಳು.

"ಕಾಗದದಾಗ ಹೊರಗಿನಾಂವ," ಅಂದಳು ಮುದುಕಿ, ಚರಿಗೆ ಎತ್ತಿಕೊಳ್ಳುತ್ತ. "ನಮಗೇನ ಹಂಗ ಅನಸಂಗಿಲ್ಲ."

ಆ ಮಾತಿಗೆ ನಿಲ್ಲುವ ತಾಳ್ಮೆ ಶೈಲಶ್ರೀಗೆ ಇರಲಿಲ್ಲ. ಅವಳು ಆಗಲೇ ದೋಣಿ ಹತ್ತಿದ್ದಳು.

ಹಿಂದಿರುಗುವಾಗ ಅಕ್ಬರಸಾಬನೇ ಮಾತು ತೆಗೆದ. "ಹಂಗಾರ ಶಿದ್ಲಿಂಗಪ್ಪ ಇವತ್ತ ಮನಿಗಿ ಹೊಕ್ಕಾನೇನ್ರಿ?"

"ಹೊಕ್ಕಾನ, ನಾ ಅಂದ್ಕೊಂಡಂಗ ಆದ್ರ."

"ಅಲ್ಲಾ ನಿಮ್ಮನ್ನ ಚೆಂದಾಗಿ ಇಡ್ಲಿ. ಎಲೋ ಸಾಗರಾ, ಈಗರೆ ನಿಮ್ಮ ಠಾಣೇದ ದೊಡ್ಡ ಸಾಹೇಬ್ರ ದನಿಯಾಗ ಒಂದು ಮಾತು ತಗಿಯೋ. ಹೊಳಿ ಸುಮ್ಮನೈತಿ."

ಸಾಗರ ತಲೆ ಅಲ್ಲಾಡಿಸಿದ. ಅವನು ಹಲಗೆ ಹಿಡಿದಿರಲಿಲ್ಲ. ದೋಣಿಯ ಅಂಚಿನಲ್ಲಿ, ನೀರಿಗೆ ಅಷ್ಟು ಹತ್ತಿರ ಕುಳಿತು, ತನ್ನ ಅಂಜಿಕೆಯನ್ನೇ ಮರೆತವನ ಹಾಗೆ ಎಲಿಗಡ್ಡೆಯ ಕಡೆಗೇ ನೋಡುತ್ತಿದ್ದ.

ಹೊಳೆಯಂಚಿನ ಹೊರಠಾಣೆ ಎಂದರೆ ಎರಡು ಕೋಣೆ, ಒಂದು ಪಡಸಾಲೆ. ಪಡಸಾಲೆಯ ಮೆಟ್ಟಿಲ ಮೇಲೆ ಶಿದ್ಲಿಂಗಪ್ಪನ ಹೆಂಡತಿ ಸಾವಂತ್ರವ್ವ ಕುಳಿತಿದ್ದಳು. ತೊಡೆಯ ಮೇಲೆ ಅರಿವೆಯಲ್ಲಿ ಕಟ್ಟಿದ ರೊಟ್ಟಿ. ಮುಂಜಾನೆ ಪೊಲೀಸರ ಅಪ್ಪಣೆಯ ಮೇಲೆ ಹೊಳೆ ದಾಟಿ ತಂದದ್ದು, ಗಂಟು ಬಿಚ್ಚಿರಲಿಲ್ಲ.

"ಅವ್ರು ಉಂಡಿಲ್ರಿ," ಅಂದಳು ಎದ್ದು ನಿಂತು. "ಮೇಡಮ್ಮಾರ ಬಂದು ಹೇಳೂ ತನಕಾ ಏನೂ ಒಲ್ಲೆ ಅಂತಾರ."

ಶೈಲಶ್ರೀಗೆ ಆ ಮಾತು ವಿಚಿತ್ರವೆನಿಸಿತು. ತನ್ನನ್ನು ಒಳಗೆ ಹಾಕಿದವಳ ಅಪ್ಪಣೆಗೆ ಯಾರಾದರೂ ಹಸಿದು ಕಾಯುತ್ತಾರೆಯೇ?

"ಇನ್ನೊಂದು ಗಳಿಗಿ ತಡೀರಿ, ಅಕ್ಕಾ. ಇಬ್ರೂ ಕೂಡಿ ಉಣ್ಣೀರಂತ."

ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಶಿದ್ಲಿಂಗಪ್ಪ ಗೋಡೆಗೆ ಆತು ನೆಲದ ಮೇಲೆ ಕುಳಿತಿದ್ದ. ಹಗ್ಗ ಎಳೆದೆಳೆದು ಅಂಗೈ ಗಟ್ಟಿಯಾದ, ಬಿಳಿ ಮೀಸೆಯ, ಮಾತು ಕಡಿಮೆಯ ಮನುಷ್ಯ. ಅವಳನ್ನು ಕಂಡು ಏಳಲು ಹೋದ.

"ಕುಂತ್ಗೊಳ್ರಿ, ಕುಂತ್ಗೊಳ್ರಿ."

ಅವಳು ಬೀರುವಿನಿಂದ ಪ್ಲಾಸ್ಟಿಕ್ ಚೀಲ ತೆಗೆದು, ಕಂದು ಬೂಟುಗಳನ್ನು ನೆಲದ ಮೇಲೆ ಸುರಿದಳು. ಒಂದು ಮಗ್ಗುಲಾಗಿ, ಇನ್ನೊಂದು ಬೋರಲಾಗಿ ಬಿತ್ತು.

ಶಿದ್ಲಿಂಗಪ್ಪ ಅವುಗಳನ್ನು ಎತ್ತಲು ಮುಂದಕ್ಕೆ ಬಗ್ಗಿದ.

"ಇವನ್ನ ದೋಣಿಯಾಗ ಇಡಬೇಕಾಗಿದ್ರ ಹೆಂಗ ಇಡ್ತಿದ್ರಿ? ಇಲ್ಲೆ ಇಟ್ಟು ತೋರಸ್ರಿ ನೋಡೂನು."

ನೆಟ್ಟಗೆ ಇಡುತ್ತಾನೆ. ಮೊಬೈಲಿನಲ್ಲಿ ಒಂದು ಫೋಟೋ. ಉಡಚವ್ವನ ಹೇಳಿಕೆ. ಅಷ್ಟಾದರೆ ನ್ಯಾಯಾಧೀಶರ ಮುಂದೆ ಬೇರೆ ಮಾತಾಡಬಹುದು. ಶೈಲಶ್ರೀ ಮನಸ್ಸಿನಲ್ಲೇ ಆ ಮಾತನ್ನು ಜೋಡಿಸತೊಡಗಿದ್ದಳು.

ಶಿದ್ಲಿಂಗಪ್ಪ ಮೊಣಕಾಲೂರಿದ. ಹೆಗಲ ಮೇಲಿನ ವಸ್ತ್ರದಿಂದ ಮೊದಲು ಒಂದು ಬೂಟಿನ ಕೆಸರು ಒರೆಸಿದ, ಆಮೇಲೆ ಇನ್ನೊಂದರದು. ಮಲಗಿದ ಕೂಸನ್ನು ಇಳಿಸುವಂತೆ ಎರಡನ್ನೂ ನೆಲಕ್ಕಿಳಿಸಿದ.

ಎಡದ್ದು ಬಲಕ್ಕೆ. ಬಲದ್ದು ಎಡಕ್ಕೆ.



"ಇದನ್ನ... ಎಲ್ಲೆ ಕಲ್ತ್ರಿ?" ಶೈಲಶ್ರೀಯ ದನಿ ಇನ್ನಷ್ಟು ಒಡೆದಿತ್ತು.

"ಕಲಿಯೂದೇನ್ರಿ? ಆ ಊರಿನ ಹಿರ್ಯಾರನ್ನೆಲ್ಲಾ ನಾನ ದಾಟಿಸೇನಿ. ಉಡಚವ್ವನ ಗಂಡನ್ನೂ ದಾಟಿಸೇನಿ, ಆಕಿ ಮಗಳನ್ನೂ ದಾಟಿಸೇನಿ. ಮನಿಯವ್ರು ಅಳಾಕತ್ತಿರ್ತಾರ, ಅವ್ರಿಗೆ ಎಡಾ ಬಲಾ ಎಲ್ಲೆ ತಿಳೀತೈತಿ. ಕಾಲ್ಮರಿ ಇಡೂದು ಅಂಬಿಗನ ಕೆಲಸ್ರಿ."

"ಹಂಗಾರ ಮಂಗಳವಾರ ಮುಂಜಾನೆ ಇವನ್ನ ಇಟ್ಟಾಂವ..."

"ನಾನ್ರಿ."

ಶೈಲಶ್ರೀ ಕುರ್ಚಿಯ ಬೆನ್ನು ಹಿಡಿದಳು. ಅವನನ್ನು ಉಳಿಸಲು ಹೊಳೆ ದಾಟಿ ತಂದ ಹಗ್ಗ ಅದು. ಅವನೇ ಅದನ್ನು ಕೊರಳಿಗೆ ಸುತ್ತಿಕೊಂಡಿದ್ದ.

"ನಿಮ್ಮ ಕಡೆ ಬೂಟು ಎಲ್ಲಿಂದ ಬಂದ್ವು?"

"ಮುಂಜಾನೆ ಹೋಗಿ ನೋಡೂದ್ರಾಗ ದೋಣಿಯಾಗ ಬಿದ್ದಿದ್ವು. ಒಂದು ಅತ್ತಾಗ, ಒಂದು ಇತ್ತಾಗ, ಯಾರೋ ಒಗದು ಹೋದಂಗ. ಹೋದ ಜೀವದ್ದು ಹಂಗ ಚೆಲ್ಲಿ ಬಿಡಬಾರದ್ರಿ. ಅದಕ್ಕ ಎತ್ತಿ, ಪದ್ಧತಿ ಪ್ರಕಾರ ಇಟ್ಟೆ."

"ಹೆಣ ಸಿಕ್ಕಿದ್ದು ಮಧ್ಯಾಹ್ನ, ಶಿದ್ಲಿಂಗಪ್ಪನವ್ರ. ಅಂವ ಸತ್ತಾನಂತ ನಿಮಗ ಮುಂಜಾನೆ ಹೆಂಗ ತಿಳೀತು?"

ಅವನು ಅವಳ ಮುಖ ನೋಡಿದ. ಬಾಗಿಲ ಕಡೆ ನೋಡಿದ. ಮತ್ತೆ ಅವಳನ್ನು ನೋಡಿದ.

"ನಿಮಗ ಎಲ್ಲಾ ಗೊತ್ತೈತ್ರಿ, ಮೇಡಮ್ಮಾರ."

"ಸಾಕ್ರಿ ಆ ಮಾತು!" ಅವಳ ಅಂಗೈ ಮೇಜಿಗೆ ಬಡಿಯಿತು. "ನನಗ ಗೊತ್ತಿದ್ರ ನಿಮ್ಮನ್ನ ಯಾಕ ಕೇಳ್ತಿದ್ದೆ? ಇನ್ನೊಂದು ಗಳಿಗಿಗೆ ಜೀಪು ಬರ್ತೈತಿ. ಹೊರಗ ನಿಮ್ಮ ಹೆಂಡ್ತಿ ಹಸ್ಕೊಂಡು ಕುಂತಾಳ. ಅಲ್ಲೆ ಎಲಿಗಡ್ಡಿಯಾಗ ಊರಿಗೂರ ನಿಮ್ಮ ದಾರಿ ನೋಡಾಕತ್ತೈತಿ. ಇಷ್ಟಾದ್ರೂ ನನಗ ಹಂಗಸಾಕತ್ತೀರೇನು?"

ಮುದುಕ ಕೈ ಜೋಡಿಸಿದ.

ಶೈಲಶ್ರೀಗೆ ತನ್ನ ಸಿಟ್ಟಿನ ಮೇಲೆ ತನಗೇ ನಾಚಿಕೆಯಾಯಿತು. ಕೊಡದಿಂದ ಲೋಟಕ್ಕೆ ನೀರು ಬಗ್ಗಿಸಿ ಅವನ ಮುಂದೆ ಹಿಡಿದಳು. ಎದುರಿಗೆ ಕುಳಿತ ಎಲ್ಲರಿಗೂ ಹೇಳುವ ಮಾತು ತಾನೇ ತಾನಾಗಿ ಬಂತು.

"ಒಂದು ಗುಟುಕ ನೀರು ಕುಡೀರಿ. ಆಮ್ಯಾಲೆ ಖರೇ ಹೇಳ್ರಿ."

ಲೋಟ ಹಿಡಿಯಲು ಬಂದ ಕೈ ಅಲ್ಲೇ ನಿಂತಿತು.

"ಫೋನಿನಾಗೂ ಇದನ್ನ ಅಂದಿದ್ರೆಲ್ರಿ," ಅಂದ ಶಿದ್ಲಿಂಗಪ್ಪ.

"ಯಾವ ಫೋನು?"

ಅವನ ಕಣ್ಣುಗಳಲ್ಲಿ ಮೊದಲ ಸಲ ಭಯ ಕಾಣಿಸಿತು. ಜೈಲಿನದಲ್ಲ. ಕಾಲಡಿಯ ಹಲಗೆ ಸರಿದವನ ಭಯ.

"ಮಂಗಳವಾರ ಮುಂಜಾನೆ, ಇನ್ನೂ ಮಬ್ಬ ಇತ್ತು... ನೀವ ಫೋನ್ ಮಾಡಿದ್ರಿ. ಹೊಸಾ ನಂಬರಿನಿಂದ, ಠಾಣೇದ ಮೇಡಮ್ಮ ಮಾತಾಡ್ತೇನಿ ಅಂತ. ಮದಲ 'ಒಂದು ಗುಟುಕ ನೀರು ಕುಡೀರಿ' ಅಂದ್ರಿ. ಆಮ್ಯಾಲೆ, 'ರಾಜಕುಮಾರ ಹೊಳಿಯಾಗ ತೀರಿಕೊಂಡಾನ, ನಿಮ್ಮ ಮ್ಯಾಲೆ ಬರೂ ಹಂಗೈತಿ, ನಿಮ್ಮನ್ನ ನಾ ಉಳಸ್ತೇನಿ' ಅಂದ್ರಿ. 'ಠಾಣೇದಾಗ ಕಿವಿ ಬಾಳ ಅದಾವ. ನಾನ ನಿಮ್ಮನ್ನ ಎದುರಿಗೆ ಕುಂದ್ರಿಸಿ ಕೇಳಿದ್ರೂ ಬಾಯಿ ಬಿಡಬ್ಯಾಡ್ರಿ, ನಿಮಗ ಗೊತ್ತೈತಿ ಅಂತ ಅಷ್ಟ ಅನ್ರಿ, ನಾ ತಿಳ್ಕೋತೇನಿ' ಅಂದ್ರಿ." ಅವನ ದನಿ ಸಣ್ಣದಾಯಿತು. "ನೀವು ಹೇಳಿದಂಗ ಮಾಡೇನ್ರಿ. ಇವತ್ತ ನೀವ ಬೂಟು ತಂದು ಮುಂದ ಹಾಕಿದ್ರಿ, ಇನ್ನ ಹೇಳಬಹುದಂತ ತಿಳ್ಕೊಂಡೆ. ತಪ್ಪಾತೇನ್ರಿ?"

ಮಂಗಳವಾರ ಮಬ್ಬಿನಲ್ಲಿ ಶೈಲಶ್ರೀ ಸವಣೂರಿನಲ್ಲಿ ಬಂದೋಬಸ್ತಿಗೆ ನಿಂತಿದ್ದಳು. ಶಿದ್ಲಿಂಗಪ್ಪನೆಂಬ ಮನುಷ್ಯ ಈ ಲೋಕದಲ್ಲಿ ಇದ್ದಾನೆಂದೇ ಅವಳಿಗೆ ಆಗ ಗೊತ್ತಿರಲಿಲ್ಲ.

ಎರಡು ದಿನ ಈ ಮನುಷ್ಯ ಅನ್ನ ನೀರು ಬಿಟ್ಟು, ಸೊಕ್ಕಿನವನೆನಿಸಿಕೊಂಡು, ಶೈಲಶ್ರೀಯ ಮಾತಿಗೆ ಕಟ್ಟುಬಿದ್ದು ಕುಳಿತಿದ್ದ. ಅವಳು ಆಡದ ಮಾತಿಗೆ.

"ಶಿದ್ಲಿಂಗಪ್ಪನವ್ರ," ಅವಳು ಅವನ ಪಕ್ಕದಲ್ಲೇ ನೆಲಕ್ಕೆ ಕುಕ್ಕರಿಸಿದಳು, "ಆ ದನಿ..."

ಅಷ್ಟರಲ್ಲಿ ಪಡಸಾಲೆಯಿಂದ ಮಾತು ಕೇಳಿಸಿತು.

"ಅಳಬ್ಯಾಡ್ರಿ, ಅಕ್ಕಾ. ಒಂದು ಗುಟುಕ ನೀರು ಕುಡೀರಿ."

ಒಡಕು ದನಿ. ಹಿರೇಕೆರೂರಿನ ಎಳೆತ. ಕೊನೆಯಲ್ಲಿ ಕತ್ತರಿ. ಸಾವಂತ್ರವ್ವ ಅಳುವಿನ ನಡುವೆಯೇ ಸಣ್ಣಗೆ ನಕ್ಕದ್ದೂ ಕೇಳಿಸಿತು.

ಶಿದ್ಲಿಂಗಪ್ಪ ಶೈಲಶ್ರೀಯ ಮುಚ್ಚಿದ ತುಟಿಗಳನ್ನು ನೋಡಿದ. ಆಮೇಲೆ ಬಾಗಿಲನ್ನು ನೋಡಿದ. ಲೋಟದ ನೀರು ಅವನ ಕೈಯಿಂದ ನೆಲಕ್ಕೆ ಚೆಲ್ಲಿ, ಬೂಟುಗಳ ಕಡೆ ಹರಿಯಿತು.

"ಅದ ದನಿರಿ," ಅಂದ, ಉಸಿರಿನಲ್ಲಿ.

ಬಾಗಿಲು ತೆರೆಯಿತು. ಕೈಯಲ್ಲಿ ಬೇಡಿ ಹಿಡಿದು, ಮುಖದ ಮೇಲಿನ ನಗೆ ಇನ್ನೂ ಆರದೆ, ಸಾಗರ ಹೊಸ್ತಿಲಲ್ಲಿ ನಿಂತಿದ್ದ. ಅವನ ಕಣ್ಣು ನೆಲದ ಮೇಲೆ ಅದಲುಬದಲಾಗಿ ಕುಳಿತ ಬೂಟುಗಳ ಮೇಲೆ ಬಿತ್ತು. ನಗೆ ಆರಿತು.

"ಜೀಪು ಬಂದೈತ್ರಿ, ಮೇಡಮ್ಮಾರ," ಅಂದ ತನ್ನದೇ ದನಿಯಲ್ಲಿ. "ಡ್ರೈವರ್‌ಗೆ ಇಲ್ಲಿಗೆ ಬರೂದ್ರಾಗ ಜ್ವರ ಬಂದೈತಂತ. ಹಾನಗಲ್ಲಿಗೆ ಇವ್ರನ್ನ ನಾ ಒಬ್ಬನ ಕರಕೊಂಡು ಹೊಕ್ಕೇನಿ. ದೊಡ್ಡ ಸಾಹೇಬ್ರು ಈಗ ಫೋನ್ ಮಾಡಿ ಹೇಳಿದ್ರು."

ಮೇಜಿನ ಮರೆಯಲ್ಲಿ ಶಿದ್ಲಿಂಗಪ್ಪನ ಗಟ್ಟಿ ಅಂಗೈ ಶೈಲಶ್ರೀಯ ತೋಳನ್ನು ಹಿಡಿದುಕೊಂಡಿತು.

ದೊಡ್ಡ ಸಾಹೇಬರು ಖರೇನೇ ಫೋನ್ ಮಾಡಿದ್ದರೇ? ಇಲ್ಲವೇ, ಆ ದನಿಯೂ ಸಾಗರನದೇ?